ತಲೆ ಕೆಳಗಾದ ಬಾಡಿಗೆದಾರರು

ದಾಂಡೇಲಿಯಲ್ಲಿ ಕಾಳಿ ನದಿಗಿಳಿಯುವ ರ‍್ಯಾಫ್ಟಿಗೆ ಬಣ್ಣದ ಚಿಂತೆಯಿಲ್ಲ. ಗಾಳಿ ತುಂಬಿದರೆ ಮುಗಿಯಿತು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿದ ಅದೇ ಕಾಳಿ ಕಾರವಾರದಲ್ಲಿ ಕಡಲು ಸೇರುವಷ್ಟರಲ್ಲಿ ಬೋಟಿನವರ ಪಾಡೇ ಬೇರೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿನ ಮೈ ತಿದ್ದಲು ಸಿಗುವ ದೊಡ್ಡ ಪುರುಸೊತ್ತು ಅದೇ. ಬಣ್ಣಕ್ಕೆ ಬೇಕಾದದ್ದು ಒಣ ಮೈ. ಕರಾವಳಿಯಲ್ಲಾದರೋ ಆಗ ಒಗೆದ ಟವೆಲ್ಲೂ ಒಣಗದು!

ಇಂಥ ಹೊತ್ತಿಗೇ ಮುಂಡಗೋಡ ತಾಲೂಕಿನ ಇಂದೂರದಿಂದ ಘಟ್ಟ ಇಳಿದು ಬಂದ ನೆಂಟರೊಬ್ಬರು, "ಒಂದು ಕೋಟ್ ಹೊಡೆದರಾಯ್ತಲ್ಲ ಭಾವಾ" ಎಂದು ಉಮೇದಿನಿಂದ ಬ್ರಷ್ ಕೇಳಿದರು. ಭಾವ ಮಾತಾಡದೆ ಕೈಗಿತ್ತದ್ದು ಕೆರೆಯುವ ಕಬ್ಬಿಣದ ಪಟ್ಟಿ.

ಬೋಟಿನ ತಳದಲ್ಲಿ ಬಾರ್ನಕಲ್ ಎಂಬ ಚಿಪ್ಪಿನ ಪ್ರಾಣಿಗಳ ಸಂಸಾರ. ನೋಡಲು ಕಲ್ಲು, ಕುಲದಲ್ಲಿ ಏಡಿ-ಸಿಗಡಿಗಳ ನೆಂಟ. ಮರಿಯಾಗಿದ್ದಾಗಲೇ ತಲೆಯನ್ನು ಅಂಟಿಸಿಕೊಂಡು, ಆಮೇಲೆ ಜೀವನಪೂರ್ತಿ ಕಾಲಿನಿಂದಲೇ ಆಹಾರ ಬಾಚಿ ಬಾಯಿಗೆ ತಳ್ಳುವ ಸೋಮಾರಿ. ಡಾರ್ವಿನ್ 1846ರಿಂದ 1854ರವರೆಗೆ ಇವುಗಳ ಅಧ್ಯಯನದಲ್ಲೇ ಮುಳುಗಿದ್ದ. ಪಾಪ, ಅವನು ಕೆರೆಯಬೇಕಿರಲಿಲ್ಲ.

ಕೆರೆದ ಮೇಲೆ ಸಿಹಿನೀರಿನ ಸ್ನಾನ. ಉಪ್ಪು ಉಳಿದರೆ ಅದು ತೇವ ಎಳೆದು ಬಣ್ಣಕ್ಕೆ ಬೊಬ್ಬೆ ಬರಿಸುತ್ತದೆ. ಆಮೇಲೆ ಮರಳು ಕಾಗದ. ಫೈಬರ್ ಮೈಯಾದರೆ ಧೂಳಿನ ತುರಿಕೆ ಉಚಿತ. ಮುಖಕ್ಕೆ ಬಟ್ಟೆ ಕಟ್ಟಲು ನಾಚಿದ ನೆಂಟರು ರಾತ್ರಿಯಿಡೀ ತಮ್ಮ ಮೈಯನ್ನೇ ಕೆರೆದರು. ಇನ್ನು ಪ್ರೈಮರ್. ಅದರ ಮೇಲೆ ತಳಕ್ಕೆ ತಾಮ್ರ ಬೆರೆತ ಬಣ್ಣ. ಆ ತಾಮ್ರ ನೀರಿಗೆ ಮೆಲ್ಲಗೆ ಸೋರುತ್ತ ಇರುವವರೆಗೆ ಬಾಡಿಗೆದಾರರು ದೂರ. ಸೋರಿ ಮುಗಿಯಿತೋ, ಮುಂಗಡ ಕೊಡದೆ ಮತ್ತೆ ಗೃಹಪ್ರವೇಶ.