ಬೀಗ ಹಾಕಿದ ಸರ್ಕಾರ, ಬಾಯಿ ಹಾಕಿದ ಬೀಗರು

ಹಿಂದೂಪುರದವರು ಕಲ್ಯಾಣದುರ್ಗಕ್ಕೆ ಹೆಣ್ಣು ಕೊಡಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಕೊಟ್ಟ ಮೇಲೆ ಬೀಗರ ಮುಂದೆ ರಾಜಕೀಯದ ಮಾತು ಎತ್ತಬಾರದು ಅಂತ ಮಾತ್ರ ಯಾರಾದರೂ ಲಗ್ನಪತ್ರಿಕೆಯ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಬೇಕಿತ್ತು.

ಕಾರಣ ಇಷ್ಟೇ. ನಮ್ಮೂರು ಹಿಂದೂಪುರ 1983ರಲ್ಲಿ ತೆಲುಗು ದೇಶಂನ ಸೈಕಲ್ ಹತ್ತಿದ್ದು ಇವತ್ತಿಗೂ ಇಳಿದಿಲ್ಲ. 1985ರಲ್ಲಿ ಎನ್.ಟಿ. ರಾಮರಾಯರು ಹಿಂದೂಪುರ, ನಲಗೊಂಡ, ಗುಡಿವಾಡ ಮೂರೂ ಕಡೆ ನಿಂತು ಮೂರರಲ್ಲೂ ಗೆದ್ದು, ಕೊನೆಗೆ ನಮ್ಮನ್ನೇ ಉಳಿಸಿಕೊಂಡರು. ಆ ಒಂದು ಋಣಕ್ಕೆ ಅವರನ್ನೂ ಗೆಲ್ಲಿಸಿದೆವು, ಮಗ ಹರಿಕೃಷ್ಣನನ್ನೂ ಗೆಲ್ಲಿಸಿದೆವು, 2014ರಿಂದ ಮೂರು ಸಲ ಇನ್ನೊಬ್ಬ ಮಗ ಬಾಲಕೃಷ್ಣನನ್ನೂ ಗೆಲ್ಲಿಸಿದೆವು. ಕಲ್ಯಾಣದುರ್ಗದ ಕತೆಯೇ ಬೇರೆ. 2009ರಲ್ಲಿ ಕಾಂಗ್ರೆಸ್ಸಿನ ರಘುವೀರಾ ರೆಡ್ಡಿ, 2014ರಲ್ಲಿ ತೆಲುಗು ದೇಶಂ, 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನ ಉಷಾಶ್ರೀ ಚರಣ್, 2024ರಲ್ಲಿ ಮತ್ತೆ ತೆಲುಗು ದೇಶಂ. ನಮ್ಮ ಬೀಗರು ಎದೆ ತಟ್ಟಿಕೊಂಡು ಹೇಳುತ್ತಾರೆ:

"ನಾವಾದ್ರೆ ಐದು ವರ್ಷಕ್ಕೊಂದು ಅಂಗಿ ಬದಲಾಯಿಸ್ತೀವಿ ಬೀಗರೇ. ನೀವು ಎಂಬತ್ಮೂರರಲ್ಲಿ ಹಾಕ್ಕೊಂಡ ಅಂಗಿ ಇನ್ನೂ ಬಿಚ್ಚಿಲ್ಲ."

"ಬದಲಾಯಿಸಿ, ಬದಲಾಯಿಸಿ. ಜೇಬಿನಲ್ಲಿ ಏನಾದ್ರೂ ಸಿಕ್ಕಿತಾ?" ಅಂತ ನಾನು.

ಇಲ್ಲಿಗೆ ನಿಲ್ಲಿಸಬಹುದು. ಆದರೆ ನಿಲ್ಲಿಸುವವರು ಬೀಗರಾಗುವುದಿಲ್ಲ.

2025ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರಕ್ಕೆ ಬೀಗ ಬಿತ್ತಲ್ಲ, ಆಗ ಬೀಗರ ಹುಮ್ಮಸ್ಸು ನೋಡಬೇಕಿತ್ತು. ಅವರ ದೊಡ್ಡ ಮಗ ನಮ್ಮ ಅಳಿಯ, ಚಿಕ್ಕವನು ನ್ಯೂಜೆರ್ಸಿಯಲ್ಲಿ. ಚಿಕ್ಕವನು ಕೆಲಸ ಬದಲಾಯಿಸಲು ಹೊರಟಿದ್ದ. ಹೊಸ ಕಂಪನಿಯವರು ಎಚ್-1ಬಿ ವೀಸಾಕ್ಕೆ ಮೊದಲು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಒಂದು ಕಾಗದ ಪಾಸು ಮಾಡಿಸಬೇಕು. ಆ ಇಲಾಖೆಯೇ ಬಾಗಿಲು ಹಾಕಿಕೊಂಡು ಕೂತಿತ್ತು. ಬೀಗರು ಕಲ್ಯಾಣದುರ್ಗದಿಂದ ಬಸ್ಸು ಹತ್ತಿ ಸೀದಾ ನಮ್ಮ ಮನೆಗೆ ಬಂದರು. ನಾನೇನೋ ವಾಷಿಂಗ್ಟನ್ನಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೀನಿ ಅನ್ನುವ ಹಾಗೆ.

"ಸರ್ಕಾರ ಮುಚ್ಚೋದು ಅಂದ್ರೇನು ಬೀಗರೇ? ಅದೇನು ಚಿಲ್ಲರೆ ಅಂಗಡಿಯೇ?"

ಉಗ್ಗಾಣಿ, ಮಿರ್ಚಿ ಬಜ್ಜಿ ಮುಂದಿಟ್ಟು ವಿವರಿಸಿದೆ. ನಮ್ಮಲ್ಲಿ ಖರ್ಚಿನ ಮಸೂದೆಗೆ ಲೋಕಸಭೆ ಒಪ್ಪದಿದ್ದರೆ ಸರ್ಕಾರ ಬೀಳುತ್ತದೆ, ಆಫೀಸು ತೆರೆದಿರುತ್ತದೆ. ಅವರಲ್ಲಿ ಒಪ್ಪದಿದ್ದರೆ ಸರ್ಕಾರ ಬೀಳುವುದಿಲ್ಲ, ಆಫೀಸು ಮುಚ್ಚುತ್ತದೆ. ಅಧ್ಯಕ್ಷರ ಕುರ್ಚಿ ಅಲ್ಲಾಡುವುದಿಲ್ಲ. ಅಲ್ಲಾಡುವುದು ಗುಮಾಸ್ತನ ಅಡುಗೆಮನೆ. ಮಂಜೂರಾಗದ ದುಡ್ಡು ಮುಟ್ಟಬಾರದು ಅನ್ನುವ ಕಾಯ್ದೆ ಅವರಲ್ಲಿ 1884ರಿಂದಲೂ ಇದೆ. ಆದರೂ ಸುಮಾರು ನೂರು ವರ್ಷ ಯಾರೂ ಬಾಗಿಲು ಹಾಕಿರಲಿಲ್ಲ. ದುಡ್ಡು ಇವತ್ತಲ್ಲ ನಾಳೆ ಮಂಜೂರಾಗುತ್ತೆ ಅಂತ ಕೆಲಸ ನಡೆಸುತ್ತಿದ್ದರು. 1980ರಲ್ಲಿ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ ಅನ್ನುವವರು, ಕಾಯ್ದೆ ಅಂದರೆ ಕಾಯ್ದೆ, ದುಡ್ಡಿಲ್ಲದಿದ್ದರೆ ಕೆಲಸವೂ ಇಲ್ಲ ಅಂತ ಅಭಿಪ್ರಾಯ ಬರೆದುಕೊಟ್ಟರು. ಅಲ್ಲಿಂದ ಶುರುವಾಯಿತು ಈ ಬಾಗಿಲಾಟ. ವಕೀಲರು ಕಾಗದ ಬರೆದರೆ ಏನಾಗುತ್ತೆ ಅನ್ನುವುದು ಜಮೀನು ವ್ಯಾಜ್ಯ ಮಾಡಿದ ನಮ್ಮ ಕಡೆಯ ಯಾವ ರೈತನಿಗಾದರೂ ಗೊತ್ತು.

"ಸರಿ, ಈಗ ಮುಚ್ಚಿದ್ದು ಯಾರು?"

ಇದೇ ನೋಡಿ, ಬೀಗರ ಪ್ರಶ್ನೆ. ವಾಷಿಂಗ್ಟನ್ನಿನಲ್ಲೂ ಎಲ್ಲರೂ ಕಿತ್ತಾಡುತ್ತಿದ್ದದ್ದು ಇದಕ್ಕೇ. ಸೆನೆಟ್ಟಿನಲ್ಲಿ ಮಸೂದೆ ದಾಟಲು 60 ಓಟು ಬೇಕು, ರಿಪಬ್ಲಿಕನ್ನರ ಹತ್ತಿರ ಇದ್ದದ್ದು 53. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಿ, ಆಮೇಲೆ ಓಟು ಅಂತ ಡೆಮಾಕ್ರಟರು. ಮೊದಲು ಬಾಗಿಲು ತೆರೆಯೋಣ, ಆಮೇಲೆ ಮಾತು ಅಂತ ರಿಪಬ್ಲಿಕನ್ನರು. ಇದರ ಮಧ್ಯೆ ವಸತಿ ಇಲಾಖೆಯ ವೆಬ್‌ಸೈಟಿನಲ್ಲೇ, ಇದಕ್ಕೆಲ್ಲ ಎಡಪಂಥೀಯರು ಕಾರಣ ಅಂತ ಬೋರ್ಡು ತಗುಲಿಸಿದರು. ಇದನ್ನು ಕೇಳಿ ಬೀಗರ ಮುಖ ಅರಳಿತು. ನಮ್ಮಲ್ಲಿ ಪಂಚಾಯ್ತಿ ಕಟ್ಟಡಗಳಿಗೆಲ್ಲ ಆಳುವ ಪಕ್ಷದ ಬಾವುಟದ ಬಣ್ಣ ಬಳಿದು, 2020ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿ, ಕೆರೆದು ಬೇರೆ ಬಣ್ಣ ಹೊಡೆಯಬೇಕಾಗಿ ಬಂದದ್ದು ನೆನಪಿರಬೇಕಲ್ಲ. "ನಮ್ಮೋರೇ ಯಾರೋ ಹೋಗಿ ಹೇಳಿಕೊಟ್ಟಿರಬೇಕು" ಅಂದರು, ಹೆಮ್ಮೆಯಿಂದ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಅವರದು ಬಿಡಿ ಬೀಗರೇ, ನಾವು ಮುಚ್ಚಿದ್ದು ಮರೆತಿರಾ?" ಅಂದೆ.

2013. ಜುಲೈ 30ರಂದು ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಆಂಧ್ರ ಒಡೆದು ತೆಲಂಗಾಣ ಕೊಡುವುದು ಅಂತ ತೀರ್ಮಾನಿಸಿತು. ಆಗಸ್ಟ್ 12ರ ಮಧ್ಯರಾತ್ರಿಯಿಂದ ನಮ್ಮ ಹದಿಮೂರು ಜಿಲ್ಲೆಗಳ ಎನ್‌ಜಿಓಗಳು, ಅಂದರೆ ಗೆಜೆಟೆಡ್ ಅಲ್ಲದ ಸರ್ಕಾರಿ ನೌಕರರು, ಮುಷ್ಕರಕ್ಕೆ ಕೂತರು. ಆರ್‌ಟಿಸಿ ಬಸ್ಸು ಡಿಪೋ ಬಿಟ್ಟು ಹೊರಬರಲಿಲ್ಲ. ಎಂಆರ್‌ಓ, ಅಂದರೆ ತಹಶೀಲ್ದಾರರ, ಆಫೀಸಿಗೆ ಬೀಗ, ಖಜಾನೆಗೆ ಬೀಗ. ಆಫೀಸಿನವರೆಲ್ಲ ರಸ್ತೆಯಲ್ಲಿ. ರಸ್ತೆ ಮಧ್ಯೆ ಕಲ್ಲು ಹೂಡಿ ಒಲೆ ಹಚ್ಚಿ ಅಡುಗೆ ಮಾಡಿ ಅಲ್ಲೇ ಉಣ್ಣುವುದು. ವಂಟಾ-ವಾರ್ಪು ಅಂತ ಅದರ ಹೆಸರು. ಚಳವಳಿಯೂ ಆಯಿತು, ಬೀಗರೂಟವೂ ಆಯಿತು. ನಮ್ಮ ಓಣಿಯ ರೈತರೊಬ್ಬರು ಬ್ಯಾಂಕ್ ಸಾಲಕ್ಕೆ ಅಡಂಗಲ್ ಅನ್ನುವ ಜಮೀನಿನ ಪಹಣಿ ಬೇಕು ಅಂತ ಗುಮಾಸ್ತರನ್ನು ಹುಡುಕಿಕೊಂಡು ಹೊರಟವರು, ಕೊನೆಗೆ ಅವರು ದೊಡ್ಡ ಸೌಟಿನಲ್ಲಿ ಸಾಂಬಾರು ತಿರುವುತ್ತಾ ನಿಂತದ್ದನ್ನು ಕಂಡರು. "ಸ್ವಾಮೀ, ಒಂದು ರುಜು" ಅಂದರೆ, "ರಾಜ್ಯ ಹೋಗ್ತಾ ಇದೆ, ನಿಂದೊಂದು ಅಡಂಗಲ್ಲಾ? ತಟ್ಟೆ ತಗೊಂಡು ಕೂತ್ಕೋ" ಅಂತ ಉತ್ತರ. ಇವರೂ ಕೂತರು. ಅಡಂಗಲ್ ಸಿಗಲಿಲ್ಲ, ಊಟ ಚೆನ್ನಾಗಿತ್ತು ಅಂತ ಇವತ್ತಿಗೂ ಹೇಳುತ್ತಾರೆ.

ಅದರಲ್ಲೂ ಆ ಕಾಲದ ಜಗಳದ ಸೊಗಸು ಏನೆಂದರೆ, ಯಾರು ಯಾರ ಮೇಲೆ ಕೂಗುತ್ತಿದ್ದಾರೆ ಅಂತ ಕೂಗುವವರಿಗೇ ತಿಳಿಯುತ್ತಿರಲಿಲ್ಲ. ರಾಜ್ಯ ಒಡೆಯಲು ಹೊರಟದ್ದು ಕಾಂಗ್ರೆಸ್. ಅದು ಬೇಡ ಅಂತ ಹೇಳುತ್ತಿದ್ದ ಮುಖ್ಯಮಂತ್ರಿ ಕಿರಣ್ ಕುಮಾರ್ ರೆಡ್ಡಿಯೂ ಕಾಂಗ್ರೆಸ್. ಹರಿಕೃಷ್ಣ ರಾಜ್ಯಸಭೆಗೆ ರಾಜೀನಾಮೆ ಕೊಟ್ಟು ಬಂದರು. ಅಕ್ಟೋಬರ್ 5ಕ್ಕೆ ವೈಎಸ್‌ಆರ್ ಕಾಂಗ್ರೆಸ್ಸಿನ ಜಗನ್ ಹೈದರಾಬಾದಿನಲ್ಲಿ ಉಪವಾಸ ಕೂತರೆ, 7ಕ್ಕೆ ತೆಲುಗು ದೇಶಂನ ಚಂದ್ರಬಾಬು ದೆಹಲಿಯ ಆಂಧ್ರ ಭವನದಲ್ಲಿ ಉಪವಾಸ ಕೂತರು. ಇಬ್ಬರೂ ಅನ್ನ ಬಿಟ್ಟಿದ್ದರು, ಒಬ್ಬರನ್ನೊಬ್ಬರು ಬೈಯುವುದನ್ನು ಮಾತ್ರ ಬಿಡಲಿಲ್ಲ. ಅದೇ ವಾರ ಕರೆಂಟಿನವರೂ ಮುಷ್ಕರ ಹೂಡಿ ಊರೆಲ್ಲ ಕತ್ತಲು. ಟಿವಿಯೂ ಇಲ್ಲದೆ ಯಾರ ಉಪವಾಸ ಎಲ್ಲಿಗೆ ಬಂತು ಅಂತ ತಿಳಿಯದೆ, ಎರಡೂ ಕಡೆಯ ಅಭಿಮಾನಿಗಳು ಕತ್ತಲಲ್ಲೇ ಅಂದಾಜಿನ ಮೇಲೆ ಜಗಳ ಆಡಿದರು.

ಇನ್ನು ನಮ್ಮಂಥ ಕನ್ನಡದವರು! ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು. ಮಡಕಶಿರಾ, ಅಮರಾಪುರ, ರೊಳ್ಳದ ಕಡೆಯಿಂದ ಬಂದವರೆಲ್ಲ ಕೈಯೆತ್ತಿ "ಸಮೈಕ್ಯಾಂಧ್ರ" ಅಂತ ಕೂಗಿದ್ದೇ ಕೂಗಿದ್ದು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಆಂಧ್ರ ಬೇರೆಯಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಒಡೆದದ್ದರಿಂದ ಹುಟ್ಟಿದ ರಾಜ್ಯ ಒಡೆಯಬಾರದು ಅಂತ ಗಂಟಲು ಹರಿದುಕೊಂಡವರಲ್ಲಿ ಗಡಿಗೆ ಸಿಕ್ಕಿಬಿದ್ದ ನಾವೇ ಮುಂದು. ನಮ್ಮ ಬೀಗರೂ ಕಲ್ಯಾಣದುರ್ಗದಲ್ಲಿ ಮಾನವ ಸರಪಳಿಯಲ್ಲಿ ನಿಂತವರೇ. ಒಂದು ಕೈ ತೆಲುಗು ದೇಶಂನವರ ಕೈಯಲ್ಲಿ, ಇನ್ನೊಂದು ಕೈ ಜಗನ್ ಪಾರ್ಟಿಯವರ ಕೈಯಲ್ಲಿ. "ಎರಡು ಕಡೆಯವರೂ ನನ್ನ ತಲೆ ಮೇಲಿಂದಲೇ ಬೈದಾಡ್ತಿದ್ರು" ಅಂತಾರೆ.

ಕೊನೆಗೆ ಚಂಡಮಾರುತ ಬಂತು, ಸಂಬಳವಿಲ್ಲದೆ ದಸರೆಯೂ ಕಳೆಯಿತು. ಅಕ್ಟೋಬರ್ 17ಕ್ಕೆ ಮುಷ್ಕರ ನಿಂತಿತು. ಒಟ್ಟು 66 ದಿನ. ಅದೇ ಅಕ್ಟೋಬರ್ 1ಕ್ಕೆ ಒಬಾಮಾ ಕಾಲದ ಅಮೆರಿಕವೂ ಮುಚ್ಚಿತ್ತು, ಅದೂ ತೆರೆದದ್ದು 17ಕ್ಕೇ. ಅವರದು 16 ದಿನ. ಈ ಲೆಕ್ಕ ಕೇಳಿದ್ದೇ ತಡ, ಬೀಗರು ಬಜ್ಜಿ ಕೆಳಗಿಟ್ಟರು.

"ಈ ಸಲ ಎಷ್ಟು ದಿನ ಎಳೀಬಹುದು?"

ಎಳೆದದ್ದು 43 ದಿನ, ನವೆಂಬರ್ 12ರ ತನಕ. ವಿಮಾನಗಳಿಗೆ ದಾರಿ ತೋರಿಸುವವರು ಸಂಬಳವಿಲ್ಲದೆ ದುಡಿದು, ಎಷ್ಟೋ ಜನ ರಜೆ ಹಾಕಿ, ವಿಮಾನಗಳನ್ನೇ ಕಡಿತ ಮಾಡಬೇಕಾಯಿತು. ಬಡವರ ಆಹಾರದ ಕಾರ್ಡಿಗೆ ನವೆಂಬರಿನಲ್ಲಿ ದುಡ್ಡು ಬರುವುದೂ ತಡವಾಯಿತು. ಆ ದೇಶದ ಇತಿಹಾಸದಲ್ಲೇ ಅದುವರೆಗಿನ ಅತಿ ಉದ್ದದ ಬಂದ್. "ಆದ್ರೂ ನಮ್ಮ ದಾಖಲೆ ಮುರಿಯೋಕ್ಕಾಗ್ಲಿಲ್ಲ!" ಅಂತ ಬೀಗರು ಫೋನಿನಲ್ಲಿ ನಗುತ್ತಿದ್ದರೆ, ಇವರ ಮಗನ ಕಾಗದ ಅಲ್ಲಿ ಸಿಕ್ಕಿಕೊಂಡದ್ದು ಇವರಿಗೇ ಮರೆತುಹೋಯಿತೋ ಅಂತ ನನಗೆ ಅನುಮಾನ.

ನ್ಯಾಯವಾಗಿ ಹೇಳಬೇಕೆಂದರೆ ಈ ಲೆಕ್ಕ ಸರಿಯಲ್ಲ. 2013ರಲ್ಲಿ ಮುಚ್ಚಿದ್ದು ನೌಕರರು. ಅಮೆರಿಕದಲ್ಲಿ ಮುಚ್ಚಿದ್ದು ಗೆದ್ದುಬಂದ ದೊಡ್ಡವರು. ಆ ಜಾತಿಯ ಬೀಗ ನಮ್ಮಲ್ಲೂ ಒಂದು ಸಲ ಬೀಳುವುದರಲ್ಲಿತ್ತು. 2020ರ ಜೂನ್. ಕೊರೋನಾ ಅಂತ ಮೂರು ತಿಂಗಳ ಖರ್ಚನ್ನು ಸುಗ್ರೀವಾಜ್ಞೆಯಲ್ಲೇ ನಡೆಸಿದ್ದರು. ಅದರ ಗಡುವು ಜೂನ್ ತಿಂಗಳಿಗೆ ಮುಗಿಯಬೇಕು. ವಿಧಾನಸಭೆ ಜಗನ್ ಪಕ್ಷದ ಕೈಯಲ್ಲಿ, ವಿಧಾನ ಪರಿಷತ್ತು ತೆಲುಗು ದೇಶಂ ಕೈಯಲ್ಲಿ. ಆಂಧ್ರಕ್ಕೆ ಮೂರು ರಾಜಧಾನಿ ಮಾಡುವ ಮಸೂದೆ ಮೊದಲು ಅಂತ ಒಬ್ಬರು, ಖರ್ಚಿನ ಮಸೂದೆ ಮೊದಲು ಅಂತ ಇನ್ನೊಬ್ಬರು. ಜೂನ್ 17ರಂದು ಪರಿಷತ್ತಿನಲ್ಲಿ ತಳ್ಳಾಟವೇ ನಡೆದು, ಸಭೆ ಎರಡನ್ನೂ ಮುಟ್ಟದೆ ಅನಿರ್ದಿಷ್ಟ ಕಾಲಕ್ಕೆ ಎದ್ದುಹೋಯಿತು. ಪರಿಷತ್ತು ಹಣದ ಮಸೂದೆಯನ್ನು ಹದಿನಾಲ್ಕು ದಿನದೊಳಗೆ ವಾಪಸು ಮಾಡದಿದ್ದರೆ ಅದು ಪಾಸಾದಂತೆಯೇ ಅನ್ನುತ್ತದೆ ಸಂವಿಧಾನದ 198ನೇ ವಿಧಿ. ಹಾಗಾಗಿ ಯಾರೂ ಏನೂ ಮಾಡದೆ ಕ್ಯಾಲೆಂಡರೇ ಮಸೂದೆ ಪಾಸು ಮಾಡಿತು. ಆದರೆ ಕ್ಯಾಲೆಂಡರಿಗೆ ಅವಸರವಿಲ್ಲ. ಜುಲೈ 1ಕ್ಕೆ ಬರಬೇಕಿದ್ದ ಸಂಬಳ ಬರಲಿಲ್ಲ.

ನಮ್ಮ ಪಕ್ಕದ ಮನೆಯ ಮೇಷ್ಟ್ರು ಆವತ್ತು ಬೆಳಿಗ್ಗೆಯಿಂದ ಫೋನು ನೋಡಿದ್ದೇ ನೋಡಿದ್ದು. ಬ್ಯಾಂಕಿನ ಮೆಸೇಜು ಬರುವ ಜಾಗದಲ್ಲಿ ಎರಡು ಪಕ್ಷದವರ ಮೆಸೇಜು. ನಿಮ್ಮ ಸಂಬಳ ತಡೆದವರು ಅವರು ಅಂತ ಇವರದು, ಇವರು ಅಂತ ಅವರದು. ಮೇಷ್ಟ್ರು ಇಬ್ಬರಿಗೂ ಉತ್ತರ ಹಾಕಿದರಂತೆ: "ತಡೆದವರು ಯಾರಾದರೂ ಆಗಲಿ, ಕಳಿಸುವವರು ಯಾರು?" ಎರಡೂ ಕಡೆಯಿಂದ ಉತ್ತರವಿಲ್ಲ. ಒಂದೆರಡು ದಿನ ತಡವಾಗಿ ದುಡ್ಡು ಬಂತು ಅನ್ನಿ. ಅಷ್ಟರಲ್ಲಿ, ಮಸೂದೆಗೆ ಅಡ್ಡ ಬರುವ ಪರಿಷತ್ತೇ ಬೇಡ ಅಂತ ವಿಧಾನಸಭೆ ಜನವರಿಯಲ್ಲೇ ನಿರ್ಣಯ ಮಾಡಿ ದೆಹಲಿಗೆ ಕಳಿಸಿಯಾಗಿತ್ತು. 2021ರ ನವೆಂಬರಿಗೆ ಬಲಾಬಲ ಬದಲಾಗಿ, ಪರಿಷತ್ತು ಇರಲಿ ಪಾಪ ಅಂತ ಅದೇ ನಿರ್ಣಯವನ್ನು ವಾಪಸು ತೆಗೆದುಕೊಂಡರು.

ಜಗಳದ ದಿನಸಿ ಪೂರೈಕೆ ಮಾತ್ರ ನಮ್ಮೂರಿನಲ್ಲಿ ಒಂದು ದಿನವೂ ಬಂದ್ ಆದದ್ದಿಲ್ಲ. ಕ್ಷೌರದಂಗಡಿಗೆ ಹೋಗಿ ನೋಡಿ. ಬೆಂಚಿನ ಮೇಲೆ ತೆಲುಗು ದೇಶಂ ಕಡೆ ವಾಲುವ ಈನಾಡು, ಜಗನ್ ಕಡೆ ವಾಲುವ ಸಾಕ್ಷಿ ಎರಡೂ ಇರುತ್ತವೆ. ಒಂದೇ ದಿನ, ಒಂದೇ ಸಭೆ. ಒಂದರಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿ. ನೀವು ಯಾವುದಕ್ಕೆ ಕೈ ಹಾಕುತ್ತೀರಿ ಅಂತ ಕನ್ನಡಿಯಲ್ಲೇ ನೋಡಿಕೊಂಡು, ಕತ್ತಿ ಹಿಡಿದವನು ಮಾತು ಶುರು ಮಾಡುತ್ತಾನೆ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರೂ ಎದುರು ವಾದ ಮಾಡಿದ್ದನ್ನು ನಾನು ಕಂಡಿಲ್ಲ. ನಿಷ್ಪಕ್ಷಪಾತ ಬೇಕು ಅನ್ನುವವರಿಗೆ ಬೆಂಗಳೂರಿನಿಂದ ಬರುವ ಕನ್ನಡ ಪೇಪರೂ ಇದೆ. ಅದು ನಿಜಕ್ಕೂ ನಿಷ್ಪಕ್ಷಪಾತ. ಅದರಲ್ಲಿ ನಮ್ಮೂರ ಸುದ್ದಿಯೇ ಇರುವುದಿಲ್ಲ.

ಬೀಗರು ಇನ್ನೊಂದು ಕಡೆಯಿಂದಲೂ ಚುಚ್ಚುತ್ತಾರೆ. 2022ರಲ್ಲಿ ಜಿಲ್ಲೆ ಒಡೆದಾಗ ಜಿಲ್ಲಾ ಕೇಂದ್ರ ಹಿಂದೂಪುರ ಆಗಲಿ ಅಂತ ನಾವೆಲ್ಲ ಬೀದಿಗಿಳಿದೆವು, ಬಾಲಕೃಷ್ಣ ಮೌನ ದೀಕ್ಷೆ ಕೂತರು; ಕೇಂದ್ರ ಪುಟ್ಟಪರ್ತಿಗೆ ಹೋಯಿತು. "ಸಿನಿಮಾದಲ್ಲಿ ಡೈಲಾಗ್ ಹೊಡೆಯೋ ನಾಯಕನ್ನ ಮೌನವಾಗಿ ಕೂರಿಸಿದ್ರೆ ಜಿಲ್ಲೆ ಎಲ್ಲಿ ಬರುತ್ತೆ ಬೀಗರೇ?" ಅಂತ ಅವರ ವಾದ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂಗಿ ಬದಲಾಯಿಸದ ಊರು ಅಂತ ಮತ್ತೆ ಕೆಣಕಿದಾಗ ಮಾತ್ರ ನಮ್ಮ ಪುರಸಭೆಯನ್ನು ತೋರಿಸುತ್ತೇನೆ. 2021ರಲ್ಲಿ ಅದು ವೈಎಸ್‌ಆರ್ ಕಾಂಗ್ರೆಸ್ಸಿಗೆ ಹೋಯಿತು, 2025ರ ಫೆಬ್ರವರಿಯಲ್ಲಿ ತೆಲುಗು ದೇಶಂಗೆ ಬಂತು. ಮಧ್ಯೆ ನಾವ್ಯಾರೂ ಓಟು ಹಾಕಲಿಲ್ಲ, ಶಾಯಿ ಖರ್ಚಾಗಲಿಲ್ಲ. ಕೌನ್ಸಿಲರುಗಳೇ ನಮ್ಮ ಪರವಾಗಿ ಅಂಗಿ ಬದಲಾಯಿಸಿಕೊಂಡರು.

ಅಮೆರಿಕ ತೆರೆದ ದಿನ ಬೀಗರು ಫೋನು ಮಾಡಿ, "ಕೊನೆಗೆ ಗೆದ್ದಿದ್ದು ಯಾರು?" ಅಂದರು. ವಿಮೆ ಸಹಾಯಧನದ ಮಾತು ಆಮೇಲೆ ಓಟಿಗೆ ಹಾಕೋಣ ಅಂತ ಒಪ್ಪಂದವಾಗಿದೆ, ಎಷ್ಟೋ ಇಲಾಖೆಗಳಿಗೆ ಜನವರಿ 30ರ ತನಕ ಮಾತ್ರ ದುಡ್ಡು ಕೊಟ್ಟಿದ್ದಾರೆ, ಆಮೇಲೆ ಮತ್ತೆ ಕೂತು ಜಗಳ ಆಡಬೇಕು ಅಂದೆ. ಆ ಕಡೆಯಿಂದ ಒಂದು ಗಳಿಗೆ ಮಾತಿಲ್ಲ. ಬೀಗರು ಪಂಚಾಂಗ ತಿರುವುತ್ತಿದ್ದ ಸದ್ದು ಕೇಳಿಸಿತು.

"ಹಂಗಾದ್ರೆ 29ಕ್ಕೇ ಬಂದ್ಬಿಡ್ತೀನಿ. ಸಂಕ್ರಾಂತಿ ಕಜ್ಜಾಯ ನಾಲ್ಕು ಎತ್ತಿಡೋಕೆ ಹೇಳಿ ಬೀಗಿತ್ತಿಗೆ."