ಮಾರ್ಚಿನಲ್ಲಿ ಹೂಕೋಸು

ಬಳ್ಳಾರಿ ಸೀಮೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಗಾಡುತ್ತಾರೆ. ನಾನು ಕೊಳಗಲ್ಲಿನ ಹಿತ್ತಲಲ್ಲಿ ಮೂರನೆಯದನ್ನು ಸೃಷ್ಟಿಸಲು ಹೊರಟಿದ್ದೆ. ಬೆಂಗಳೂರಿನಿಂದ ತಂದ ತೋಟದ ಕ್ಯಾಲೆಂಡರಿನಲ್ಲಿ ಹೂಕೋಸು, ಗಜ್ಜರಿ, ಬೀನ್ಸ್ ಮಾರ್ಚಿನಲ್ಲೂ ಹಾಕಬಹುದೆಂದು ಅಚ್ಚಾಗಿತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ನಾವು ಅದರ ಅರ್ಧದಷ್ಟೇ. ಇಷ್ಟು ಭೂಗೋಳ ನನಗೂ ಗೊತ್ತಿತ್ತು. ಆದರೆ ಅಚ್ಚಾದದ್ದೆಲ್ಲ ನಂಬುವವನು ನಾನು. ಬಸ್ಸಿನ ವೇಳಾಪಟ್ಟಿಯನ್ನೂ ನಂಬುತ್ತೇನೆ.

ಎರೆಮಣ್ಣು ಬೇರೆ. ಹಸಿಯಿದ್ದರೆ ಚಪ್ಪಲಿ ಬಿಡಿಸಿಕೊಳ್ಳುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಗುದ್ದಲಿ ಹಿಡಿದು ಬೆವರುತ್ತಿದ್ದಾಗ ಪಕ್ಕದ ಮನೆಯ ಅಮ್ಮ ಗೋಡೆ ಮೇಲಿಂದ ಇಣುಕಿದರು.

"ಏನ್ ಹಚ್ಚಾಕ ಹತ್ತೀಯಪ್ಪಾ ಈ ಬಿಸಿಲಾಗ?"

"ಹೂಕೋಸು, ಅಮ್ಮಾ."

"ಒಲಿ ಹಚ್ಚೋ ಕೆಲಸ ಉಳೀತು ಬಿಡು. ಗಿಡದಾಗ ಬೇಯ್ತೈತಿ."

ಅವರ ಲೆಕ್ಕ ಮಳೆ ನಕ್ಷತ್ರಗಳದ್ದು. ಮೇ 25ರ ಸುಮಾರಿಗೆ ರೋಹಿಣಿ ಹೊಕ್ಕರೆ ಬದನಿ, ಮೆಣಸಿನ ಸಸಿಮಡಿ. ಜೂನ್ ಮೊದಲ ವಾರ ಕಳೆದು ಮಿರುಗ ಬಂತೆಂದರೆ ಚವಳಿಕಾಯಿ, ಬೆಂಡಿಕಾಯಿ, ಹೀರಿಕಾಯಿ. ಗಜ್ಜರಿ, ಮೂಲಂಗಿ, ಹೂಕೋಸಿನಂಥ ಚಳಿಗಾಲದ ಮಂದಿ ಅಕ್ಟೋಬರಿನ ಚಿತ್ತಿ ಮಳೆವರೆಗೂ ಕಾಯಬೇಕು. ಬಿಸಿಲಿಗೆ ಜಗ್ಗದ್ದು ಪುಂಡಿಪಲ್ಯ. ಅದನ್ನೇ ಹಾಕೆಂದರು. ಪುಂಡಿ ಹಾಕಲು ಕ್ಯಾಲೆಂಡರ್ ಯಾಕೆ ಬೇಕು ಎಂದು ನಾನು ಮುಖ ತಿರುಗಿಸಿದೆ.

ಏಪ್ರಿಲ್ ಹೊತ್ತಿಗೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂಬಿಟ್ಟು ಮುಪ್ಪಾಯಿತು. ಬೀನ್ಸ್ ಹೂವೆಲ್ಲ ಉದುರಿತು. ಟೊಮೆಟೊ ಹೂವೂ ಸೆಕೆಗೆ ಕಾಯಿ ಕಟ್ಟದೆ ಬೀಳತೊಡಗಿತು. ಪರಾಗಸ್ಪರ್ಶ ಮಾಡಿಸುತ್ತೇನೆಂದು ಮಗನ ಪೇಂಟಿಂಗ್ ಬ್ರಷ್ ಹಿಡಿದು ಹೂವಿಂದ ಹೂವಿಗೆ ಸವರುತ್ತಿದ್ದೆ. ಹಾಲಿನವನು ಕಂಡು, "ಬಣ್ಣ ಹಚ್ಚಿದ್ರೆ ಹಣ್ಣಾಗ್ತಾವೇನ್ರೀ?" ಎಂದ.

ಉಳಿದದ್ದು ಹೂಕೋಸು. ಎಲೆ ಬಿಟ್ಟಿತು, ಗಡ್ಡೆ ಕಟ್ಟಲಿಲ್ಲ. ಅದಕ್ಕೆ ತಂಪು ಬೇಕಂತೆ. ಹೆಂಡತಿಯ ಇಳಕಲ್ ಸೀರೆಯನ್ನು ಚಪ್ಪರದಂತೆ ಕಟ್ಟಿದೆ.

"ನನಗೊಂದಿನ ಕೊಡೆ ಹಿಡೀಲಿಲ್ಲ!" ಎಂದಳು ಆಕೆ. ಸೀರೆ ಇಳಿಯಿತು, ಊಟದಲ್ಲಿ ಪಲ್ಯವೂ ಇಳಿಯಿತು.

ಇಷ್ಟರಲ್ಲಿ ನಮ್ಮ ಹೂಕೋಸಿನ ಖ್ಯಾತಿಯನ್ನು ನಾನೇ ಕಚೇರಿಯಲ್ಲಿ ಹಬ್ಬಿಸಿಯಾಗಿತ್ತು. ಮೇ ತಿಂಗಳ ಒಂದು ಭಾನುವಾರ ನೋಡಲು ಬರುತ್ತೇವೆಂದರು. ಬೆಳಿಗ್ಗೆಯೇ ಬಳ್ಳಾರಿ ಮಾರುಕಟ್ಟೆಗೆ ಹೋಗಿ ದಪ್ಪನೆಯದೊಂದನ್ನು ತಂದು ಎಲೆಗಳ ನಡುವೆ ಕೂರಿಸಿದೆ. ಎಲ್ಲರೂ ಫೋಟೊ ಹೊಡೆದುಕೊಂಡರು. ಗೊಬ್ಬರ ಯಾವುದೆಂದರು. ನಾನು ಬೇವಿನ ಹಿಂಡಿಯ ಮೇಲೆ ಉಪನ್ಯಾಸ ಶುರುಮಾಡಿದ್ದೆ.

ಅಮ್ಮ ಗೇಟು ತೆಗೆದು ನಿಧಾನಕ್ಕೆ ಒಳಬಂದರು. ಬಗ್ಗಿ ಹೂಕೋಸನ್ನು ಎತ್ತಿದರು. ಅದು ಪಾಪ, ಸುಮ್ಮನೆ ಕೈಗೆ ಬಂತು. ಚಾಕುವಿನಲ್ಲಿ ಕೊಯ್ದ ಬುಡವನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲರೆದುರಿಗೆ ಕೇಳಿದರು:

"ಇದು ಯಾವ ಮಳಿಗೆ ಹುಟ್ಟಿದ್ದಪ್ಪಾ?"