ಪರಧನ ಸಾಹಸ ಮೀಮಾಂಸೆ

ಪರರ ಹಣದಿಂದ ಸಾಹಸ ಮಾಡುವ ವಿದ್ಯೆಗೆ ವೆಂಚರ್ ಕ್ಯಾಪಿಟಲ್ ಎಂದು ಹೆಸರು. ಸ್ವಂತ ಹಣದಿಂದ ಮಾಡಿದರೆ ಅದು ಬರೀ ವ್ಯಾಪಾರ. ಈ ಗ್ರಂಥದ ವಿಷಯವಲ್ಲ.

ಶಾಸ್ತ್ರದ ಪುರಾಣಕಾಲ 19ನೆಯ ಶತಮಾನದ ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರು. ಅಲ್ಲಿನ ಏಜೆಂಟರು ಉಳ್ಳವರಿಂದ ಹಣ ಕೂಡಿಸಿ ತಿಮಿಂಗಿಲ ಬೇಟೆಗೆ ಹಡಗು ಕಳಿಸುತ್ತಿದ್ದರು. ಹೋದ ಹಡಗು ವರ್ಷಗಟ್ಟಲೆ ಬರುತ್ತಿರಲಿಲ್ಲ. ಕೆಲವು ಬರಲೇ ಇಲ್ಲ. ನಾವಿಕರಿಗೆ ಸಂಬಳದ ಬದಲು ಗಳಿಕೆಯಲ್ಲಿ ಪಾಲು. ಇಂದಿನ ಸ್ಟಾರ್ಟಪ್ ನೌಕರರಿಗೆ ಈ ಪುರಾಣವನ್ನು ಬಿಡಿಸಿ ಹೇಳಬೇಕಿಲ್ಲ.

ಇತಿಹಾಸಯುಗದ ಆದ್ಯಾಚಾರ್ಯರು ಹಾರ್ವರ್ಡ್ ಪ್ರಾಧ್ಯಾಪಕ ಜಾರ್ಜ್ ಡೊರಿಯೊ. ಅವರು ನಡೆಸಿದ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಸಂಸ್ಥೆ ಹುಟ್ಟಿದ್ದು 1946ರಲ್ಲಿ. 1957ರಲ್ಲಿ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರುಗಳು ಕಂಪ್ಯೂಟರ್ ಮಾಡುತ್ತೇವೆಂದು ಅಲ್ಲಿಗೆ ಬಂದರು. ಅವರಿಗೆ ಸಿಕ್ಕ ಮೊದಲ ಉಪದೇಶ: ‘ಕಂಪ್ಯೂಟರ್’ ಎಂಬ ಶಬ್ದ ಎತ್ತಬೇಡಿ, ಅದರಲ್ಲಿ ಕಾಸಿಲ್ಲವೆಂದು ಎಲ್ಲರೂ ನಂಬಿದ್ದಾರೆ. ಇಬ್ಬರೂ ಶಬ್ದವನ್ನು ನುಂಗಿಕೊಂಡರು. 70 ಸಾವಿರ ಡಾಲರ್ ಸಿಕ್ಕಿತು, ಪ್ರತಿಯಾಗಿ ಶೇಕಡ 70ರಷ್ಟು ಒಡೆತನ ಹೋಯಿತು. ಆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿನ ಪಾಲು 1970ರ ದಶಕದ ಆರಂಭಕ್ಕೆ 35 ಕೋಟಿ ಡಾಲರ್ ದಾಟಿತ್ತು. ಒಂದು ಗೆದ್ದರೆ ಮುಳುಗಿದ ಉಳಿದವುಗಳ ಲೆಕ್ಕ ಯಾರೂ ಕೇಳುವುದಿಲ್ಲ ಎಂಬ ಪ್ರಮೇಯ ಸಿದ್ಧವಾದದ್ದು ಹೀಗೆ. ಶಬ್ದದ ನಿಯಮ ಮಾತ್ರ ತಲೆಕೆಳಗಾಗಿದೆ: ಈಗ ‘ಎಐ’ ಎನ್ನದೆ ಬಾಗಿಲು ತಟ್ಟಿದವರಿಗೆ ನೀರೂ ಸಿಗುವುದು ಕಷ್ಟ.

ಆಚಾರ್ಯರಲ್ಲಿ ಒಂದು ಕೊರತೆಯಿತ್ತು. ಅವರದು ಷೇರುಪೇಟೆಯಲ್ಲಿದ್ದ ಕಂಪನಿ. ಲಾಭದಲ್ಲಿ ಶಿಷ್ಯರಿಗೆ ಸರಿಯಾದ ಪಾಲು ಹುಟ್ಟುತ್ತಿರಲಿಲ್ಲ. ಶಿಷ್ಯ ಬಿಲ್ ಎಲ್ಫರ್ಸ್ 1965ರಲ್ಲಿ ಹೊರಬಿದ್ದು ಗ್ರೇಲಾಕ್ ಎಂಬ ಪಾಲುದಾರಿಕೆ ಕಟ್ಟಿದರು. ಈ ಪಾಲುದಾರಿಕೆಯ ಪಂಥದಲ್ಲಿ ನೆಲೆನಿಂತ ಮಹಾವಾಕ್ಯ ‘ಎರಡು ಮತ್ತು ಇಪ್ಪತ್ತು’: ವರ್ಷಕ್ಕೆ ನಿಧಿಯ ಶೇಕಡ 2 ನಿರ್ವಹಣಾ ಶುಲ್ಕ, ಲಾಭ ಬಂದರೆ ಅದರಲ್ಲಿ ಶೇಕಡ 20. ನಷ್ಟದಲ್ಲಿ ಪಾಲೆಷ್ಟು ಎಂಬ ಬಗ್ಗೆ ಮಹಾವಾಕ್ಯ ಮೌನ.

ಬೆಂಗಳೂರಿಗೆ ಈ ವಿದ್ಯೆ 1988ರಲ್ಲೇ, ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಕೂಡಿ ಕಟ್ಟಿದ ಟಿಡಿಐಸಿಐ ಮೂಲಕ ಬಂತು. ಈಗಿನ ಸ್ಮೃತಿಯೆಂದರೆ ಸೆಬಿಯ 2012ರ ನಿಯಮಾವಳಿ. ಅದರಂತೆ ನಿಧಿ ಕನಿಷ್ಠ 20 ಕೋಟಿಯದಾಗಿರಬೇಕು. ಸ್ಥಾಪಕರು ಶೇಕಡ 2.5 ಅಥವಾ 5 ಕೋಟಿ, ಯಾವುದು ಕಡಿಮೆಯೋ ಅಷ್ಟನ್ನು, ಸ್ವಂತವಾಗಿ ಹಾಕಬೇಕು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಈತ ಬಸವನಗುಡಿಯ ನಿವೃತ್ತ ಬ್ಯಾಂಕ್ ನೌಕರ. ಫಿಕ್ಸೆಡ್ ಡೆಪಾಸಿಟ್ ಬಿಟ್ಟು ಬೇರೆ ದೈವ ಅರಿಯದವನು. “ಸ್ವಾಮೀ, 100 ಕೋಟಿ ನಿಧಿಗೆ ನಿಮ್ಮ ಗಂಟು ಎರಡೂವರೆ ಕೋಟಿ. ಶುಲ್ಕ ವರ್ಷಕ್ಕೆ 2 ಕೋಟಿ. ಹದಿನೈದು ತಿಂಗಳಿಗೆ ಹಾಕಿದ್ದು ಕೈಸೇರಿತಲ್ಲ!”

ಸಿದ್ಧಾಂತಿಯ ಉತ್ತರ: ಕಚೇರಿ ಬಾಡಿಗೆ, ಸಂಬಳ, ವಕೀಲರು ಎಲ್ಲಾ ಅದರಲ್ಲೇ. ಉತ್ತರ ಸರಿಯಾಗಿಯೇ ಇದೆ. ಆದರೂ ಪೂರ್ವಪಕ್ಷಿ ಬಿಡುವುದಿಲ್ಲ. “ಹತ್ತು ವರ್ಷದ ನಿಧಿ, ಮೂರನೆಯ ವರ್ಷಕ್ಕೇ ಎರಡನೆಯ ನಿಧಿಗೆ ಹಣ ಕೇಳುತ್ತೀರಿ. ಮೊದಲನೆಯದು ಗೆದ್ದಿದೆಯೆಂದು ಗೊತ್ತಾದದ್ದು ಹೇಗೆ?”

“ಇನ್ನೊಂದು ನಿಧಿಯವರು ನಮ್ಮ ಕಂಪನಿಯ ಸ್ವಲ್ಪ ಪಾಲನ್ನು ದುಬಾರಿ ದರಕ್ಕೆ ಕೊಂಡರು. ಆ ದರದಲ್ಲೇ ನಮ್ಮ ಪಾಲನ್ನೂ ಎಣಿಸಿದೆವು.”

“ಅವರ ಕಂಪನಿಗೆ ದರ ಕಟ್ಟಿದ್ದು?”

“ನಾವು.”

ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ ದೋಷ; ನಿಧಿಶಾಸ್ತ್ರದಲ್ಲಿ ಸಂಪರ್ಕಬಲ.

ಪೂರ್ವಪಕ್ಷಿ ಒಂದು ರಾತ್ರಿ ಯೋಚಿಸಿ, ಮರುದಿನ 25 ಲಕ್ಷದ ಠೇವಣಿ ಮುರಿಸಿಕೊಂಡು ಬಂದನು. ಆಗ ಸಿದ್ಧಾಂತಿ ಸ್ಮೃತಿಯ ಇನ್ನೊಂದು ಪುಟ ತೆರೆದ: ಹೂಡಿಕೆದಾರನೆಂಬ ಅಧಿಕಾರ ಬರಬೇಕಾದರೆ ಕನಿಷ್ಠ 1 ಕೋಟಿ. 25 ಲಕ್ಷಕ್ಕೂ ಅವಕಾಶವುಂಟು, ಆದರೆ ಅದು ನಿಧಿಯ ನೌಕರರಿಗೆ, ನಿರ್ದೇಶಕರಿಗೆ ಮತ್ತು ಮ್ಯಾನೇಜರ್ ಕಡೆಯವರಿಗೆ.

ಪೂರ್ವಪಕ್ಷಿ ಈಗ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ.